ಒಂಬೈನೂರ ತೊಂಬತ್ತೊಂಬತ್ತು ಗಂಟೆ, ಐವತ್ತೊಂಬತ್ತು ನಿಮಿಷ

ಅಂಗಡಿಯಿಂದ,
ತಾರೀಖು ಇಪ್ಪತ್ತಮೂರು, ಗುರುವಾರ, ಬೆಳಗ್ಗೆ ಹತ್ತೂಕಾಲು

ಕೋಪ ಇಳಿದಿದ್ದರೆ ಪ್ರೀತಿಯವಳಿಗೆ, ಇಳಿಯದಿದ್ದರೆ ನನ್ನ ಮಗಳ ತಾಯಿಗೆ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಕ್ಷೇಮವೋ ಅಲ್ಲವೋ ನನಗೇ ಗೊತ್ತಿಲ್ಲ. ಭಾನುವಾರ ಮಗಳು ನಿನ್ನಲ್ಲಿಗೆ ಹೊರಟಿದ್ದಾಳೆ. ನೀನು ಕೇಳಿದ ಆಟದ ಪೆಟ್ಟಿಗೆಯನ್ನು ಹತ್ತಿ ಹಾಸಿದ ಡಬ್ಬದಲ್ಲಿಟ್ಟು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದ ಅದರ ಮೇಲೇ ಇರುತ್ತದೆ. ಟಿವಿಗೆ ಸಿಕ್ಕಿಸುವ ಮೊದಲು ದಯವಿಟ್ಟು ಇದನ್ನು ಓದು. ಆ ಪೆಟ್ಟಿಗೆಯೊಳಗೆ ನಿನ್ನದೊಂದು ಇತ್ತು. ಅದನ್ನು ನಾನು ಹಾಳು ಮಾಡಿದ್ದೇನೆ. ಬೇಕೆಂದು ಮಾಡಲಿಲ್ಲ, ಆದರೆ ಮಾಡಿದ್ದಂತೂ ನಾನೇ.

ನಿನ್ನ ಕಾರ್ಡು ಬಂದ ದಿನದಿಂದ ಶುರುಮಾಡುತ್ತೇನೆ, ಇಲ್ಲದಿದ್ದರೆ ನನಗೇ ದಾರಿ ತಪ್ಪುತ್ತದೆ. ನೀನು ನಿನ್ನ ಅಕ್ಕನ ಮನೆಗೆ ಹೋಗಿ ಆಗ ಎರಡೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ನೀನು ಮೂರು ಸಲ ಫೋನ್ ಮಾಡಿದ್ದೆ. ಮೂರು ಸಲವೂ ನಾನು ಲೈನ್ ಸರಿಯಿಲ್ಲ, ಏನಿದ್ದರೂ ಕಾಗದ ಬರಿ ಎಂದು ಇಟ್ಟುಬಿಟ್ಟಿದ್ದೆ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತಾರು ವರ್ಷ ಕೂತವಳಿಗೆ ಲೈನ್ ಸರಿಯಿಲ್ಲ ಎಂದು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ನಿನಗೆ ಸಿಟ್ಟು ಬಂದಿರಲೇಬೇಕು. ಅದಕ್ಕೇ ಇರಬಹುದು, ಕಾರ್ಡಿನಲ್ಲಿ ಎರಡೇ ಸಾಲು ಬರೆದಿದ್ದೆ. ಅಟ್ಟದ ಮೇಲಿರುವ ಆಟದ ಪೆಟ್ಟಿಗೆ ಕಳಿಸಿ. ದೋಣಿಯ ಚಿತ್ರ ಇರುವ ಕ್ಯಾಸೆಟ್ಟೂ ಬೇಕು.

ನಾನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕಪಾಟಿನಲ್ಲಿ ನಿನ್ನ ಒಳ್ಳೊಳ್ಳೆ ಬಟ್ಟೆಗಳಿವೆ. ಚಳಿಗೆ ಹೊದೆಯುವ ಶಾಲು ಇದೆ. ನಿನ್ನ ಇನ್ನೊಂದು ಕನ್ನಡಕ ಕಿಟಕಿಯ ಹತ್ತಿರವೇ ಇದೆ. ಅವು ಯಾವುದೂ ಬೇಡ, ಮಗಳು ಒಂಬತ್ತನೇ ವಯಸ್ಸಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ತಂದುಕೊಟ್ಟ ವಿಡಿಯೋ ಗೇಮ್ ಬೇಕು! ನನ್ನ ಬಿಪಿ ಮಾತ್ರೆಯ ಬಗ್ಗೆ ಒಂದಕ್ಷರವಿಲ್ಲ. ನೀನು ಯಾಕೆ ಹೋದೆ ಎಂಬುದೇ ನನಗೆ ಬಗೆಹರಿದಿರಲಿಲ್ಲ, ಅದರ ಮೇಲೆ ಇದು ಬೇರೆ. ತಲೆಬುಡ ತಿಳಿಯಲಿಲ್ಲ.

ಸರಿ, ಕೇಳಿದ್ದಾಳೆ, ಕಳಿಸೋಣ ಎಂದು ಅಟ್ಟದಿಂದ ಇಳಿಸಿದೆ. ಬೂದು ಬಣ್ಣದ ಪೆಟ್ಟಿಗೆ ಹಳದಿಗೆ ತಿರುಗಿದೆ. ಜಾಯ್‌ಸ್ಟಿಕ್ಕಿನ ತಂತಿಯ ಮೇಲೆ ಮಗಳ ಹಲ್ಲಿನ ಗುರುತು ಇನ್ನೂ ಇದೆ. ನನ್ನ ಕೈಗೆ ಬಂದ ಯಾವ ಯಂತ್ರವನ್ನೂ ಓಡಿಸಿ ನೋಡದೆ ವಾಪಸ್ ಕೊಟ್ಟವನಲ್ಲ ನಾನು. ನಮ್ಮ ಚಪ್ಪಟೆ ಟಿವಿಗೆ ಅದರ ಪಿನ್ನು ಹಿಡಿಸಲಿಲ್ಲ. ಪಕ್ಕದ ಅಂಗಡಿಯ ಟಿವಿ ರಿಪೇರಿಯವನನ್ನು ಕೇಳಿದೆ. ನಿನಗೆ ಗೊತ್ತಲ್ಲ, ಯಾವ ಟಿವಿ ತಂದರೂ ‘ಕೆಪಾಸಿಟರ್ ಹೋಗಿದೆ’ ಎನ್ನುತ್ತಾನೆ, ಅದಕ್ಕೇ ಸಾಲಿನ ಅಂಗಡಿಯವರೆಲ್ಲ ಅವನನ್ನು ಕೆಪಾಸಿಟರ್ ಎಂದೇ ಕರೆಯುತ್ತಾರೆ. ಅವನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಳೇ ಗೆಳೆಯ ಸಿಕ್ಕಿದ ಹಾಗೆ ನಕ್ಕ. “ಇದಕ್ಕೆ ಡಬ್ಬಾ ಟಿವಿನೇ ಬೇಕು ಸಾರ್. ಹೊಸ ಟಿವಿಗಳಿಗೆ ಇದರ ಮಾತು ಗೊತ್ತಾಗಲ್ಲ” ಎಂದ. ತನ್ನ ಉಗ್ರಾಣದಿಂದ ಹೇಗೋ ಒಂದು ಹಳೇ ಟಿವಿ ಹೊತ್ತು ತಂದು ನನ್ನ ಅಂಗಡಿಯ ಪರದೆಯ ಹಿಂದೆ ಇಟ್ಟ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಲು ಹೋದ, ನಾನು ಬಿಡಲಿಲ್ಲ. ಉಸಿರಿನ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ನಾನೇ ಒರೆಸಿದೆ. ಸಿಕ್ಕಿಸಿದ ಕೂಡಲೇ ಓಡಿತು.

ತೆರೆಯ ಮೇಲೆ ಮೂರು ಸಾಲು ಬಂದವು. ಅಕ್ಷರ ಯಾವ ದೇಶದ್ದೋ, ನನಗೂ ಬರುವುದಿಲ್ಲ ನಿನಗೂ ಬರುವುದಿಲ್ಲ. ಅಂಕಿ ಮಾತ್ರ ಓದಬಹುದು. ಮೊದಲ ಸಾಲಿನಲ್ಲಿ ನಲವತ್ತಾರು ಗಂಟೆ. ಎರಡನೆಯದರಲ್ಲಿ ಒಂದು ಗಂಟೆ ಹತ್ತು ನಿಮಿಷ. ಮೂರನೆಯದರಲ್ಲಿ ಒಂಬೈನೂರ ತೊಂಬತ್ತೊಂಬತ್ತು ಗಂಟೆ, ಐವತ್ತೊಂಬತ್ತು ನಿಮಿಷ.

ಶನಿವಾರ ಮಗಳು ಬಂದಾಗ ಕೇಳಿದೆ. ಮೈದಾನದಲ್ಲಿ ಇನ್ನೂರು ಮಕ್ಕಳಿಗೆ ಡ್ರಿಲ್ ಮಾಡಿಸುವವಳು, ಮನೆಯಲ್ಲೂ ಅದೇ ಗಂಟಲು. “ಅಪ್ಪಾ, ಅದು ಒಬ್ಬೊಬ್ರು ಎಷ್ಟು ಹೊತ್ತು ಆಡಿದ್ದಾರೆ ಅನ್ನೋ ಲೆಕ್ಕ. ಮೊದಲನೇದು ನಂದು. ಎರಡನೇದು ನಿಂದು. ಬಲವಂತ ಮಾಡಿ ಆಡಿಸಿದ್ನಲ್ಲ, ಬಂದರು ಬಿಟ್ಟು ಆಚೆನೇ ಹೋಗ್ಲಿಲ್ಲ ನೀನು. ಮೂರನೇದು ಅಮ್ಮನದ್ದೇ ಇರಬೇಕು” ಎಂದಳು. ನಾನು ನಗಾಡಿದೆ. ನಿಮ್ಮಮ್ಮನಿಗೆ ಟಿವಿ ಆನ್ ಮಾಡುವುದಕ್ಕೇ ಬೇಸರ ಎಂದೆ. “ರಾತ್ರಿ ಪಾಳಿ ಮುಗಿಸಿ ಬಂದು ಹಿಂದಿನ ಕೋಣೆಗೆ ಹೋಗ್ತಿದ್ರು, ಬಾಗಿಲು ಹಾಕ್ಕೊಳ್ತಿದ್ರು, ನಂಗೆ ಅಷ್ಟೇ ಗೊತ್ತು. ಅವರನ್ನೇ ಕೇಳು” ಎಂದಳು.

ಕೇಳಲಿಲ್ಲ. ಫೋನ್ ಮಾಡಬೇಕಾಗುತ್ತಿತ್ತು. ಬದಲಿಗೆ ನಾನು ಕೂತು ಲೆಕ್ಕ ಹಾಕಿದೆ. ಸಾವಿರ ಗಂಟೆ ಎಂದರೆ ಹತ್ತಿರ ಹತ್ತಿರ ನಲವತ್ತೆರಡು ಹಗಲು ರಾತ್ರಿ. ಊರಿನವರ ಸಮಯವನ್ನೆಲ್ಲ ಸರಿಮಾಡಿ ಕೊಡುವವನು ನಾನು, ನನ್ನ ಮನೆಯೊಳಗೆ ಇಷ್ಟು ಹೊತ್ತು ನನಗೆ ಗೊತ್ತಾಗದೆ ಕಳೆದುಹೋಗಿದೆ! ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚೂ ಆಯಿತು. ಯಾರ ಮೇಲೆ ಎಂದು ಕೇಳಬೇಡ.

ಮೂರನೇ ಸಾಲನ್ನು ತೆರೆದೆ. ನೀನು ಬಲ್ಲೆಯಲ್ಲ, ಹಳದಿ ಟೋಪಿಯ ಆ ಅಂಬಿಗ, ಅವನ ಪುಟ್ಟ ದೋಣಿ. ಅವನು ದ್ವೀಪದಿಂದ ದ್ವೀಪಕ್ಕೆ ಗಂಟು ಮೂಟೆ ಸಾಗಿಸುತ್ತಾ ಆರಿಹೋದ ದೀಪಸ್ತಂಭಗಳನ್ನು ಹೊತ್ತಿಸಬೇಕು. ಒಟ್ಟು ಹನ್ನೆರಡು. ನೀನು ಒಂಬತ್ತು ಹೊತ್ತಿಸಿದ್ದೆ. ಉಳಿದ ಮೂರರ ಕಡೆ ದೋಣಿ ಹೋಗಿಯೇ ಇಲ್ಲ. ಅಂಗೈಯಗಲದ ಒಂದು ದ್ವೀಪದಲ್ಲಿ ಕಟ್ಟಿದೆ. ಅಲ್ಲಿ ಮರವಿಲ್ಲ, ಮನೆಯಿಲ್ಲ, ಕೊಡುವ ಗಂಟೂ ಇಲ್ಲ. ಒಂದು ಬೆಂಚು ಇದೆ. ಗುಂಡಿ ಒತ್ತಿದರೆ ಅಂಬಿಗ ಅದರ ಮೇಲೆ ಕೂತು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾನೆ. ಆಮೇಲೆ ಏನೂ ಇಲ್ಲ. ಅಲೆ ಬರುತ್ತದೆ, ಹೋಗುತ್ತದೆ. ನಾಲ್ಕು ಸೆಕೆಂಡಿಗೆ ಒಂದು. ಸೂರ್ಯ ಹುಟ್ಟಿ ಮುಳುಗಲು ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಇವೆರಡನ್ನು ಬಿಟ್ಟರೆ ನಾನು ಆ ದ್ವೀಪದಲ್ಲಿ ಕಂಡುಹಿಡಿದದ್ದು ಸೊನ್ನೆ.

ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಏನೋ ಗುಟ್ಟು ಇರಬೇಕು, ಯಾರಾದರೂ ಬರಬೇಕು, ಇಲ್ಲದಿದ್ದರೆ ಒಬ್ಬ ಹೆಂಗಸು ಇಲ್ಲಿ ಸಾವಿರ ಗಂಟೆ ಯಾಕೆ ಕೂತಿರುತ್ತಾಳೆ? ದೂರದ ದೀಪಸ್ತಂಭದಲ್ಲಿ ಒಬ್ಬ ಮೀಸೆಯವನು ಕಾಣಿಸುತ್ತಾನಲ್ಲ, ಅವನ ಮೇಲೂ ಅನುಮಾನ ಪಟ್ಟೆ. ನಗು, ಪರವಾಗಿಲ್ಲ. ಐವತ್ತೆಂಟು ವರ್ಷದ ಮನುಷ್ಯ ಒಂದು ಆಟದೊಳಗಿನ, ಬೆರಳುಗುರು ಗಾತ್ರದ ಮೀಸೆಯವನನ್ನು ಮೂರು ದಿನ ಗುರಾಯಿಸಿ ನೋಡಿದ.

ತಪ್ಪು ಮಾಡಿದ್ದು ನಾಲ್ಕನೇ ದಿನ.

ನಾನು ಎಷ್ಟು ಹೊತ್ತು ಆಡಿ ದಾಖಲಿಸಿದರೂ ಮೂರನೇ ಸಾಲಿನ ಅಂಕಿ ಕದಲುತ್ತಿರಲಿಲ್ಲ. ಅದೇ ಒಂಬೈನೂರ ತೊಂಬತ್ತೊಂಬತ್ತು, ಐವತ್ತೊಂಬತ್ತು. ಅಂದರೆ ಗಡಿಯಾರ ನಿಂತಿದೆ. ನಿಂತ ಗಡಿಯಾರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ನಿನಗೆ ಗೊತ್ತು. ಕ್ಯಾಸೆಟ್ಟಿನ ಬೆನ್ನು ಬಿಚ್ಚಿದೆ. ಒಳಗೆ ಹಸಿರು ಹಲಗೆಯ ಮೇಲೆ ಗುಂಡಗೆ, ದೊಡ್ಡ ಕೈಗಡಿಯಾರಕ್ಕೆ ಹಾಕುವಂಥದ್ದೇ ಒಂದು ಸೆಲ್ಲು. ಮೀಟರ್ ಹಿಡಿದರೆ ಎರಡು ಪಾಯಿಂಟ್ ಆರು ವೋಲ್ಟು. ಮೂರು ಇರಬೇಕು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಮೂವತ್ತೈದು ವರ್ಷದಲ್ಲಿ ಎಷ್ಟು ಸಾವಿರ ಸೆಲ್ಲು ಬದಲಾಯಿಸಿದ್ದೇನೋ, ಹಳೆಯದನ್ನು ತೆಗೆಯಬೇಕು, ಹೊಸದನ್ನು ಕೂರಿಸಬೇಕು, ಮುಳ್ಳನ್ನು ಸಮಯಕ್ಕೆ ತಿರುಗಿಸಿ ಗಿರಾಕಿಯ ಕೈಗೆ ಕೊಡಬೇಕು. ಬೆಸುಗೆ ಕಾಯಿಸಿ ಹಳೇ ಸೆಲ್ಲು ಎತ್ತಿದೆ, ಹೊಸದನ್ನು ಚೊಕ್ಕಟವಾಗಿ ಕೂರಿಸಿದೆ. ನಿನಗೆ ಖುಷಿಯಾಗುತ್ತದೆ, ಇನ್ನು ಇಪ್ಪತ್ತು ವರ್ಷ ಚಿಂತೆಯಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಟಿವಿಗೆ ಹಾಕಿದರೆ ಮೂರು ಸಾಲೂ ಖಾಲಿ.

ಕೆಪಾಸಿಟರ್ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. ಆ ಸೆಲ್ಲು ಇದ್ದದ್ದೇ ನೆನಪನ್ನು ಹಿಡಿದಿಡಲಿಕ್ಕೆ, ಅರೆಕ್ಷಣ ತೆಗೆದರೂ ಎಲ್ಲ ಅಳಿಸಿಹೋಗುತ್ತದೆ, ಹೊಸದನ್ನು ಜೋಡಿಸಿಕೊಂಡೇ ಹಳೆಯದನ್ನು ಬಿಚ್ಚಬೇಕಿತ್ತು ಎಂದು ವಿವರಿಸಿದ. ಗಡಿಯಾರ ನಿಂತದ್ದು ಸೆಲ್ಲಿನಿಂದಲೂ ಅಲ್ಲವಂತೆ. ಗಂಟೆ ತೋರಿಸಲು ಅದರಲ್ಲಿ ಮೂರೇ ಅಂಕಿಗೆ ಜಾಗ. ಸಾವಿರ ತುಂಬಿದರೆ ಬರೆಯಲು ಜಾಗವಿಲ್ಲದೆ ಅಲ್ಲೇ ನಿಲ್ಲುತ್ತದೆ. ಹಾಗಾದರೆ ನೀನು ಅಲ್ಲಿ ಕಳೆದದ್ದು ಸಾವಿರವೋ, ಎರಡು ಸಾವಿರವೋ, ಐದೋ? “ಅದನ್ನ ಯಾರೂ ಹೇಳಕ್ಕಾಗಲ್ಲ ಸಾರ್” ಎಂದ. ಆ ಹೊತ್ತಿನಲ್ಲಿ ನನಗಾದ ಸಂಕಟ ಬರೆದು ತಿಳಿಸುವಂಥದ್ದಲ್ಲ. ಗಿರಾಕಿ ಬಂದು ಕೈಗಡಿಯಾರ ಮುಂದೆ ಹಿಡಿದರೆ ನಾನು ಅದನ್ನು ತೆಗೆದುಕೊಂಡು ನನ್ನ ಜೇಬಿಗೆ ಹಾಕಿಕೊಂಡೆ.

ಆ ವಾರವೇ ನಿನಗೆ ಕಾಗದ ಬರೆದೆನಲ್ಲ, ‘ಪೆಟ್ಟಿಗೆಗೆ ಒಂದು ಬಿಡಿಭಾಗ ಸಿಗುತ್ತಿಲ್ಲ, ಸ್ವಲ್ಪ ತಡವಾಗುತ್ತದೆ’ ಎಂದು. ಸುಳ್ಳು. ಯಾವ ಬಿಡಿಭಾಗವೂ ಬೇಕಿರಲಿಲ್ಲ. ನಾನು ಆಟ ಕಲಿಯುತ್ತಿದ್ದೆ.

ನೀನು ನಿಲ್ಲಿಸಿದ ಜಾಗಕ್ಕೆ ಅದನ್ನು ಮತ್ತೆ ತಂದು ನಿಲ್ಲಿಸಬೇಕು, ನಿನಗೆ ಗೊತ್ತೇ ಆಗಬಾರದು ಎಂದು ನನ್ನ ಉಪಾಯ. ಆ ಬೆಂಚಿನ ದ್ವೀಪ ಒಂಬತ್ತನೇ ದೀಪ ಹೊತ್ತಿದ ಮೇಲೆ ಮಾತ್ರ ಕಾಣಿಸುತ್ತದೆ ಎಂದು ಮಗಳು ಹೇಳಿದಳು. ಒಂಬತ್ತು ದೀಪ ತಾನೇ ಎಂದುಕೊಂಡೆ. ಅಬ್ಬಾ! ಮೊದಲ ದೀಪಕ್ಕೇ ನಾಲ್ಕು ದಿನ. ಸೂಜಿಮೊನೆಯಷ್ಟು ತಿರುಪನ್ನು ಕೈ ನಡುಗದೆ ಕೂರಿಸುವವನು ನಾನು, ಈ ಅಂಬಿಗನನ್ನು ಒಂದು ಬಂಡೆ ದಾಟಿಸಲು ಆಗುವುದಿಲ್ಲ. ಮೂರನೇ ದ್ವೀಪದ ಆಡು ದೋಣಿಗೆ ಹಾರಿ ಗಂಟನ್ನು ತಿಂದು ಹೋಗುತ್ತದೆ, ನೆನಪಿದೆಯೇ? ನನ್ನ ಹನ್ನೆರಡು ಗಂಟು ತಿಂದಿತು. ಐದನೆಯದರಲ್ಲಿ ಬಿರುಗಾಳಿ. ಅದನ್ನು ದಾಟಲಾರದೆ ಜಾಯ್‌ಸ್ಟಿಕ್ಕನ್ನು ಮೇಜಿಗೆ ಕುಕ್ಕಿದೆ, ಕೈಲಾಗದವನು ಮೈ ಪರಚಿಕೊಂಡ ಹಾಗೆ. ಮಗಳು ಶನಿವಾರ ಬಂದಾಗ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು, “ಗಾಳಿ ಎದುರಿಗೆ ಹೋಗ್ಬೇಡ ಅಪ್ಪಾ, ಗಾಳಿ ಜೊತೆ ಹೋಗಿ ಆಮೇಲೆ ತಿರುಗ್ಸು!” ಎಂದು ಸೀಟಿಯೊಂದು ಬಿಟ್ಟು ಮಿಕ್ಕೆಲ್ಲ ಮಾಡಿದಳು. ದಾಟಿದಾಗ ನಾವಿಬ್ಬರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಪರದೆಯ ಆಚೆ ಇದ್ದ ಗಿರಾಕಿ ಏನಾಯಿತೋ ಎಂದು ಗಾಬರಿಯಾಗಿ ಒಳಗೆ ಇಣುಕಿದ. ಹೆಬ್ಬೆರಳಿಗೆ ಬೊಬ್ಬೆ ಬಂದಿದೆ. ಸುಳ್ಳೇಕೆ, ಆ ದಿನ ನನಗೆ ಸಂತೋಷವಾಯಿತು, ನೀನು ಹೋದ ಮೇಲೆ ಅದೇ ಮೊದಲು.

ಮಗಳಿಗೆ ನನ್ನ ಉಪಾಯ ಮಾತ್ರ ಹಿಡಿಸಲಿಲ್ಲ. ಅಳಿಸಿಹೋಯಿತು ಎಂದು ಅಮ್ಮನಿಗೆ ನೇರವಾಗಿ ಹೇಳು ಎಂದಳು. ಹೇಳುತ್ತೇನೆ, ಮೊದಲು ಒಂಬತ್ತು ದೀಪ ಹೊತ್ತಲಿ ಎಂದೆ.

ಎಪ್ಪತ್ತೊಂದು ಗಂಟೆಯಲ್ಲಿ ಹೊತ್ತಿದವು. ಐದು ವಾರ. ಮೊನ್ನೆ ಮಂಗಳವಾರ ಬೆಳಗ್ಗೆ ಅಂಬಿಗನನ್ನು ತಂದು ನಿನ್ನ ಬೆಂಚಿನ ಮೇಲೆ ಕೂರಿಸಿದೆ. ಟೋಪಿ ತೆಗೆದ. ಅಲೆ ಬಂತು, ಹೋಯಿತು. ಅಷ್ಟು ಕಷ್ಟಪಟ್ಟು ಬಂದ ಮೇಲಾದರೂ ಏನಾದರೂ ಹೊಳೆಯುತ್ತದೆ ಎಂದುಕೊಂಡಿದ್ದೆ. ಇಲ್ಲ. ಅದೇ ಮರಳು, ಅದೇ ಬೆಂಚು. ಸುಮ್ಮನೆ ನೋಡುತ್ತಾ ಕೂತೆ.

ಆಗ ಕೆಪಾಸಿಟರ್ ಧಡಧಡ ಒಳಗೆ ಬಂದ. ಟಿವಿಯ ಗುಂಡಿಯೊಂದನ್ನು ತಿರುಗಿಸಿದ. ಏನೋ ರೇಗಲು ಬಂದವನು, ತೆರೆ ನೋಡಿ ಮೆತ್ತಗಾಗಿ ಸ್ಟೂಲಿನ ಮೇಲೆ ಕೂತ. “ಈ ಅಲೆ ಸದ್ದು ಕೇಳ್ತಾ ಇದ್ರೆ ಹಾಗೇ ಕಣ್ಣು ಎಳೆಯುತ್ತೆ ಸಾರ್” ಎಂದು ಬೆನ್ನನ್ನು ಗೋಡೆಗೆ ಒರಗಿಸಿದ. ಹತ್ತೇ ನಿಮಿಷ, ಬಾಯಿ ತೆರೆದುಕೊಂಡು ಗಾಢ ನಿದ್ದೆ. ನಾನು ಅವನನ್ನೇ ನೋಡುತ್ತಿದ್ದೆ. ಹನ್ನೊಂದಾಯಿತು. ಅವನ ತಲೆಯ ಮೇಲಿನ ಗೋಡೆಯಲ್ಲಿ ನನ್ನ ಆರು ಗಡಿಯಾರಗಳು ಒಂದರ ಹಿಂದೆ ಒಂದು ಹನ್ನೊಂದು ಹೊಡೆದವು. ಅವನು ಮಿಸುಕಲಿಲ್ಲ.

ಆಗ ನನಗೆ ತಿಳಿಯಿತು.

ಅಂಗಡಿಯಲ್ಲಿ ಆರು ಗಡಿಯಾರ. ಮನೆಯಲ್ಲಿ ಇಪ್ಪತ್ತೆಂಟು. ಅಂಗಡಿಯಲ್ಲಿ ಜಾಗವಿಲ್ಲ ಎಂದು, ರಿಪೇರಿಯಾದದ್ದನ್ನು ಎಂಟು ದಿನ ಓಡಿಸಿ ನೋಡದೆ ಕೊಡಬಾರದು ಎಂದು, ಕೊಟ್ಟವರು ವಾಪಸ್ ಬರಲೇ ಇಲ್ಲ ಎಂದು, ನಡುಮನೆ, ಮಲಗುವ ಕೋಣೆ, ಅಡುಗೆಮನೆಯ ಬಾಗಿಲವರೆಗೆ ನೇತುಹಾಕಿದ್ದು ನಾನು. ಕಾಲು ಗಂಟೆಗೆ ಹೊಡೆಯುವವು, ಅರ್ಧಕ್ಕೆ ಹೊಡೆಯುವವು, ಹಕ್ಕಿ ಹೊರಗೆ ಬಂದು ಕೂಗುವುದು. ನಾನು ಒಂಬತ್ತಕ್ಕೆ ಅಂಗಡಿಗೆ ಬರುತ್ತಿದ್ದೆ. ವಾರಕ್ಕೆ ನಾಲ್ಕು ದಿನ ನೀನು ರಾತ್ರಿಯೆಲ್ಲ ಊರಿನವರ ಅಳು, ಗಾಬರಿ, ಬೈಗುಳ ಎಲ್ಲವನ್ನೂ ಕೇಳಿ, ಬೆಳಗ್ಗೆ ಬಂದು ಆ ಇಪ್ಪತ್ತೆಂಟರ ನಡುವೆ ಮಲಗಬೇಕಿತ್ತು. ಒಂದು ಸಲ ನೀನು, ಇವುಗಳಲ್ಲಿ ಒಂದೆರಡನ್ನಾದರೂ ಅಂಗಡಿಗೆ ತೆಗೆದುಕೊಂಡು ಹೋಗಿ ಎಂದಿದ್ದೆ. ಅವು ಕಣ್ಣಳತೆಯಲ್ಲಿ ಇರಬೇಕು ಎಂದು ನಾನು ಪಾಠ ಹೇಳಿದ್ದೆ.

ನೀನು ಅಲ್ಲಿ ಆಡುತ್ತಿರಲಿಲ್ಲ. ಅಲೆಯ ಸದ್ದು ಹಾಕಿಕೊಂಡು ನಿದ್ದೆ ಮಾಡುತ್ತಿದ್ದೆ. ಅಂಬಿಗನನ್ನು ಬೆಂಚಿನ ಮೇಲೆ ಕೂರಿಸಿ, ಹಿಂದಿನ ಕೋಣೆಯ ಬಾಗಿಲು ಹಾಕಿ, ಹಳೇ ಟಿವಿಯ ಸದ್ದು ಏರಿಸಿ ಮಲಗುತ್ತಿದ್ದೆ. ಎದ್ದ ಮೇಲೆ ದಾಖಲಿಸಿ ಆರಿಸುತ್ತಿದ್ದೆ. ಹೌದಲ್ಲವೇ? ಸಾವಿರ ಗಂಟೆಯೂ ನಿನ್ನ ನಿದ್ದೆ. ನಾನು ಮೀಸೆಯವನ ಮೇಲೆ ಅನುಮಾನ ಪಟ್ಟೆ.

ನೀನು ಕೆಲಸದಿಂದ ನಿವೃತ್ತಿಯಾದ ತಿಂಗಳು ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದ್ದು ಯಾರು? ನಾನೇ. ಇನ್ನು ನಿನಗೆ ಹಗಲು ಮಲಗುವ ಅಗತ್ಯವಿಲ್ಲ ಎಂದು ನನ್ನ ಬಿಡಿಭಾಗಗಳಿಗೆ ಅಲ್ಲಿ ಕಪಾಟು ಹೊಡೆಸಿದೆ. ಹಳೇ ಟಿವಿಯನ್ನು ಗುಜರಿಗೆ ಹಾಕಿದೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದೆ. ನೀನು ಏನೂ ಹೇಳಲಿಲ್ಲ ಎಂದೇ ನನ್ನ ಎಣಿಕೆ. ಅದಾಗಿ ಐದು ತಿಂಗಳಿಗೆ ನೀನು ಹೊರಟುಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಬೇರೆ ಏನೆಂದು ಬರೆಯಲಿ?

ಮಂಗಳವಾರ ಮಧ್ಯಾಹ್ನವೇ ಅಂಗಡಿ ಮುಚ್ಚಿ ಹೋಗಿ ಮನೆಯ ಗೋಡೆಗಳಿಂದ ಇಪ್ಪತ್ತೆಂಟನ್ನೂ ಇಳಿಸಿದೆ. ಕೆಪಾಸಿಟರನ ಉಗ್ರಾಣದಲ್ಲಿ ಕಂಬಳಿ ಹೊದಿಸಿ ಇಟ್ಟಿದ್ದೇನೆ. ಗೋಡೆಯ ಮೇಲೆ ಈಗ ಬಿಳೀ ಬಿಳೀ ವೃತ್ತಗಳು ಉಳಿದಿವೆ, ಸುಣ್ಣ ಬಳಿಸಬೇಕು. ಆ ಸಂಜೆಯೇ ಮಗಳು ಬಂದು ಅದನ್ನೆಲ್ಲ ನೋಡಿದಳು. ಭೇಷ್ ಎನ್ನುತ್ತಾಳೆ ಎಂದು ಕಾದೆ. ನನ್ನ ಎದುರಿಗೆ ಬಂದು ನಿಂತು, “ಅಪ್ಪಾ, ಗಡಿಯಾರಕ್ಕೋಸ್ಕರ ಯಾರೂ ಮನೆ ಬಿಟ್ಟು ಹೋಗಲ್ಲ” ಎಂದಳು. “ಅಮ್ಮ ಮಾತಾಡ್ತಾ ಇದ್ರೆ ನೀನು ತಲೆ ಎತ್ತಿ ನೋಡ್ತಿರಲಿಲ್ಲ. ಹೂಂ ಅಂತಿದ್ದೆ. ಎಷ್ಟೋ ಸಲ ಹೂಂ ಅನ್ನೋ ಜಾಗದಲ್ಲೂ ಅಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಯ್ತು ನನ್ನ ಬಾಳು ಅಂತ ಅಮ್ಮ ದೊಡ್ಡಮ್ಮನ ಹತ್ರ ಹೇಳಿದ್ದಾರೆ.”

ನಿನ್ನ ಅಕ್ಕನ ಎದುರಿಗೆ ಕೋಣ ಎಂದದ್ದರಿಂದ ನನಗೆ ನೋವಾಯಿತು, ಆದರೆ ಅದು ಸುಳ್ಳಲ್ಲ. ಗಡಿಯಾರ ತೆಗೆದರೆ ನೀನು ಬರುವುದಾದರೆ ಅದು ನನಗೆ ಅರ್ಥವಾಗುವ ರಿಪೇರಿ. ಇನ್ನೊಂದು ರಿಪೇರಿ ಎಲ್ಲಿಂದ ಶುರುಮಾಡಬೇಕು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಿನ್ನ ಮೇಲೆ ಅಸಡ್ಡೆಯಿಂದ ನಾನು ಹೂಂ ಎಂದದ್ದಲ್ಲ. ಇಷ್ಟನ್ನು ನಂಬಿದರೆ ಸಾಕು. ನಂಬುವುದು ಹೇಗೆ ಎಂದು ನೀನು ಕೇಳಿದರೆ ನನ್ನಲ್ಲಿ ಉತ್ತರವಿದೆ, ಬರೆಯಲು ಕೈ ಬರುತ್ತಿಲ್ಲ.

ಈಗ ಪೆಟ್ಟಿಗೆಯ ವಿಷಯ. ಅಕ್ಕನ ಮನೆಯಲ್ಲಿ ಇನ್ನೂ ಡಬ್ಬಾ ಟಿವಿಯೇ ಇದೆ ಎಂದು ಮಗಳು ಹೇಳಿದಳು, ಅವಳೇ ಜೋಡಿಸಿಕೊಡುತ್ತಾಳೆ. ಮೂರನೇ ಸಾಲನ್ನು ತೆರೆ. ಅಂಬಿಗ ಬೆಂಚಿನ ಹತ್ತಿರವೇ ಇರುತ್ತಾನೆ, ಒಂದು ಗುಂಡಿ ಒತ್ತಿದರೆ ಕೂರುತ್ತಾನೆ. ಗಂಟೆ ಎಪ್ಪತ್ತೊಂದು ಎಂದು ತೋರಿಸುತ್ತದೆ. ನಿನ್ನ ಸಾವಿರಕ್ಕೆ ಅದು ಯಾವ ಲೆಕ್ಕವೂ ಅಲ್ಲ, ಗೊತ್ತು. ದೋಣಿಯಲ್ಲಿ ನೀನು ಕೂಡಿಟ್ಟಿದ್ದ ಚಿಪ್ಪುಗಳನ್ನು ನನ್ನಿಂದ ತುಂಬಲಾಗಲಿಲ್ಲ, ನಾಲ್ಕು ಮಾತ್ರ ಇವೆ. ಮಗಳ ಸಾಲೂ ಹೋಯಿತು. ಅವಳು ಪರವಾಗಿಲ್ಲ ಎಂದಳು.

ಬಾ ಎಂದು ಬರೆಯುವ ಧೈರ್ಯ ನನಗಿಲ್ಲ. ಮೊದಲು ಚೆನ್ನಾಗಿ ನಿದ್ದೆ ಮಾಡು. ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಕೋಣನದು ಎಂದೇ ಹೇಳು, ಬೇಸರವಿಲ್ಲ.

ಇಂತಿ,
ನಿನಗೆ ಬೇಡವಾಗಿದ್ದರೂ ನಿನ್ನ ಗಂಡನೇ ಆಗಿರುವ
ವಾಚ್ ರಿಪೇರಿಯವನು

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು. ಮತ್ತೆ ಬಿಚ್ಚಿದೆ.

ಮಂಗಳವಾರ ಕೆಪಾಸಿಟರ್ ತಿರುಗಿಸಿದ್ದು ಸದ್ದಿನ ಗುಂಡಿ. ನಾನು ಅದನ್ನು ಕೊನೆಯವರೆಗೆ ಏರಿಸಿ ಕೂತಿದ್ದೆನಂತೆ. ನಾಲ್ಕು ಅಂಗಡಿಯಾಚೆಗೂ ಸಮುದ್ರ ಕೇಳಿಸಿ ಯಾರ ವ್ಯಾಪಾರವೂ ನಡೆಯುತ್ತಿರಲಿಲ್ಲ, ಅದಕ್ಕೇ ಅವನು ಬೈಯಲು ಬಂದದ್ದು. ಆ ಜಾಗದಲ್ಲಿ ಸದ್ದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅವನು ಅಲೆ ಎಂದದ್ದನ್ನು ಅವನ ತುಟಿ ನೋಡಿ ತಿಳಿದುಕೊಂಡೆ, ಪೂರ್ತಿ ಮಾತನ್ನು ಆಮೇಲೆ ಅವನಿಂದ ಬರೆಸಿಕೊಂಡೆ. ಗಡಿಯಾರ ಹನ್ನೊಂದು ಹೊಡೆದದ್ದನ್ನೂ ನಾನು ಕಂಡದ್ದು, ಕೇಳಿದ್ದಲ್ಲ.

ಆರು ವರ್ಷವಾಯಿತು. ಮೊದಲು ಸಣ್ಣ ಕೈಗಡಿಯಾರಗಳ ಬಡಿತ ಹೋಯಿತು. ಅವನ್ನು ಬೆರಳಿನ ತುದಿಯಿಂದ ನೋಡುವುದು ಕಲಿತೆ. ನಿನ್ನ ಆಸ್ಪತ್ರೆಗೆ ಬಾರದೆ ಬೇರೆ ಕಡೆ ತೋರಿಸಿದೆ. ಕೇಳುವುದು ಇನ್ನೂ ಇಳಿಯುತ್ತದೆ ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಸ್ಪ್ರಿಂಗಿನ ಡಬ್ಬದಲ್ಲಿ ಅಡಗಿಸಿದೆ. ಕಿವಿ ಕೇಳದವನ ಕೈಗೆ ಯಾರು ಗಡಿಯಾರ ಕೊಡುತ್ತಾರೆ ಎಂಬ ಭಯ ಒಂದು. ರಾತ್ರಿಯಿಡೀ ಊರಿನವರ ಮಾತು ಕೇಳಿ ಸೋತು ಬರುವವಳಿಗೆ, ನನ್ನ ಹತ್ತಿರ ಕೂಗಿ ಮಾತಾಡು ಎಂದು ಹೇಗೆ ಹೇಳಲಿ ಎಂಬುದು ಇನ್ನೊಂದು. ಹೊಡೆಯುವ ಗಡಿಯಾರಗಳನ್ನು ಒಂದೊಂದಾಗಿ ತಂದು ಮನೆಯಲ್ಲಿ ನೇತುಹಾಕಿದ್ದು ಜಾಗವಿಲ್ಲದೆ ಅಲ್ಲ. ಯಾವುದು ಇನ್ನೂ ಕೇಳಿಸುತ್ತದೆ ನೋಡೋಣ ಎಂದು. ಮಗಳಿಗೂ ಹೇಳಿಲ್ಲ. ಅವಳ ಗಂಟಲು ದೊಡ್ಡದು, ಎದುರಿಗೆ ಬಂದು ನಿಂತು ಮಾತಾಡುತ್ತಾಳೆ, ಹೇಗೋ ನಡೆಯುತ್ತಿತ್ತು.

ನೀನು ಹೋದ ದಿನ ಬ್ಯಾಗು ಹಿಡಿದು, ಬಾಗಿಲಲ್ಲಿ ನನಗೆ ಬೆನ್ನು ಮಾಡಿ ನಿಂತು ಏನೋ ಕೇಳಿದೆ. ಉತ್ತರಕ್ಕೆ ಕಾಯುತ್ತಾ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ನಾನು ‘ಆಯ್ತು’ ಎಂದೆ. ನೀನು ಹೊರಟುಹೋದೆ. ನಾನು ಯಾವುದಕ್ಕೆ ಆಯ್ತು ಎಂದೆ ಎಂದು ನಾಲ್ಕೂವರೆ ತಿಂಗಳಿನಿಂದ ನನಗೆ ಗೊತ್ತಿಲ್ಲ. ಏನು ಕೇಳಿದ್ದೆ, ಬರೆದು ತಿಳಿಸು. ಈ ಸಲ ಓದಿ, ಯೋಚಿಸಿ ಉತ್ತರ ಕೊಡುತ್ತೇನೆ.